ದಿಂಡಿ ಸೇರದೆ

ಪಂಢರಪುರದ ವಾರಿಗೆ ಒಬ್ಬಳೇ ಹೋಗುತ್ತೇನೆ ಎಂದರೆ ಕೇಳಿದವರು ನಗುತ್ತಾರೆ. ಲಕ್ಷಗಟ್ಟಲೆ ಜನ ನಡೆಯುವ ರಸ್ತೆಯಲ್ಲಿ ಒಬ್ಬಳೇ ಅಂದರೆ ಏನು? ಅವ್ವ ಮಾತ್ರ ನಗಲಿಲ್ಲ. “ದಿಂಡಿ ಇಲ್ಲದ ವಾರಿ ಅಂದ್ರ ಮದುಮಗ ಇಲ್ಲದ ಮದಿವಿ ಇದ್ದಂಗ” ಎಂದು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಆಕೆಗೆ ಎಂಬತ್ತೊಂದು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇರುವುದು.

ಅವ್ವನ ಮಾತಿನಲ್ಲಿ ಹುರುಳಿದೆ. ಜ್ಞಾನೇಶ್ವರರ ಪಾದುಕೆ ಹೊತ್ತ ಪಾಲಖಿ ಜ್ಯೇಷ್ಠ ಬಹುಳ ಅಷ್ಟಮಿಗೆ ಆಳಂದಿಯಿಂದ ಹೊರಟು ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಪಂಢರಪುರ ಮುಟ್ಟುತ್ತದೆ. ಸುಮಾರು 250 ಕಿ.ಮೀ. ಹಾದಿ. ಈ ಪಾಲಖಿಗೆ ಇವತ್ತಿನ ಶಿಸ್ತು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಹೈಬತರಾವ್ ಬಾಬಾ ಆರಫಳಕರ್ ಅವರಿಂದ. ರಥದ ಮುಂದೆ ಇಷ್ಟು ದಿಂಡಿ, ಹಿಂದೆ ಇಷ್ಟು, ಪ್ರತಿಯೊಂದಕ್ಕೂ ಒಂದು ನಂಬರು. ದಿಂಡಿಗೆ ಒಬ್ಬ ಯಜಮಾನ, ಒಬ್ಬ ವೀಣೆಯವ. ಗಂಟುಮೂಟೆ, ಗುಡಾರ, ಅಡಿಗೆ ಪಾತ್ರೆ ಹೊರಲು ಒಂದು ಲಾರಿ. ದಿಂಡಿ ಸೇರಿದವರಿಗೆ ಎರಡು ಹೊತ್ತಿನ ಊಟದ ಚಿಂತೆ ಇಲ್ಲ, ತಪ್ಪಿಸಿಕೊಂಡರೆ ಹುಡುಕುವವರಿದ್ದಾರೆ. ಈ ಲೆಕ್ಕಕ್ಕೆ ಸಿಗದ ಬಿಡಿ ಜನರೂ ಸಾವಿರಾರು ಮಂದಿ ನಡೆಯುತ್ತಾರೆ. ನಾನು ಸೇರಬೇಕೆಂದಿರುವುದು ಅವರನ್ನು.

ನಮ್ಮ ಅಜ್ಜ ಇಂಡಿ ತಾಲೂಕಿನವನು. ಅವನದು ಆಷಾಢದ ವಾರಿಯಲ್ಲ, ಕಾರ್ತಿಕದ್ದು. ವಿಜಾಪುರದ ಕಡೆ ಹಿಂಗಾರಿ ಜೋಳ ಬಿತ್ತಿ ಮುಗಿದ ಮೇಲೆ ಒಕ್ಕಲಿಗನಿಗೆ ಸ್ವಲ್ಪ ಉಸಿರು ಸಿಗುತ್ತದೆ. ಆಗ ಕಟಿರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಚಡಚಣ, ಮಂಗಳವೇಢೆ ದಾಟಿ ನಾಲ್ಕು ದಿನ ನಡೆಯುತ್ತಿದ್ದ. ಮರಾಠಿ ಅವನಿಗೆ ಅಭಂಗದಷ್ಟೇ ಬರುತ್ತಿತ್ತು. ಇರಾವತಿ ಕರ್ವೆ ತಾವೂ ವಾರಿ ನಡೆದು ಬರೆದ ಲೇಖನದಲ್ಲಿ, ಯಾವ ನಾಡಿನ ಜನ ಪಂಢರಪುರಕ್ಕೆ ಹೋಗುತ್ತಾರೋ ಅದೇ ಮಹಾರಾಷ್ಟ್ರ ಎಂಬರ್ಥದ ಮಾತು ಹೇಳುತ್ತಾರೆ. ಆ ಲೆಕ್ಕದಲ್ಲಿ ನಮ್ಮಜ್ಜ ತನಗೇ ಗೊತ್ತಿಲ್ಲದೆ ಮಹಾರಾಷ್ಟ್ರದವನಾದ! ಅತ್ತ ಜ್ಞಾನೇಶ್ವರರು ವಿಠ್ಠಲನನ್ನೇ ಕನ್ನಡಿಗನೆಂದು ಹಾಡಿದ್ದಾರೆ. ಆಳಂದಿಯ ಪಾಲಖಿಯ ಮುಂದೆ ಹೋಗುವ ಕುದುರೆಗಳು ಇವತ್ತಿಗೂ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದವು. ಅವು ಅಂಕಲಿಯಿಂದ ಆಳಂದಿಗೇ ನಡೆದು ಬರುತ್ತವೆ. ಅದರಲ್ಲಿ ಒಂದರ ಮೇಲೆ ಯಾರೂ ಕೂರುವುದಿಲ್ಲ, ಅದು ಮಾಉಲಿಯ ಕುದುರೆ. ಗಡಿಯ ಜಗಳ ಆಡುವವರು ಈ ಕುದುರೆಗಳನ್ನು ಯಾವ ಕಡೆ ಕಟ್ಟುತ್ತಾರೋ ನೋಡಬೇಕು.

ಅಜ್ಜ ನಡೆದ. ಅಜ್ಜಿ ನಡೆಯಲಿಲ್ಲ. ಒಂದೇ ಸಲ ಹೋಗಿದ್ದಳಂತೆ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಕುರ್ಡುವಾಡಿಯಲ್ಲಿ ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಗಾಡಿ ಹತ್ತಿ. ಅವ್ವನಿಗೆ ಅದೂ ಆಗಲಿಲ್ಲ. ಮದುವೆಯಾಗಿ ಕಲ್ಯಾಣಕ್ಕೆ ಬಂದಳು (ಬಸವಣ್ಣನ ಕಲ್ಯಾಣ ಎಂದುಕೊಂಡು ಬಂದೆ ಎಂದು ಈಗಲೂ ತಮಾಷೆ ಮಾಡುತ್ತಾಳೆ), ಆಮೇಲೆ ಮಕ್ಕಳು, ಆಮೇಲೆ ಮೊಣಕಾಲು. ನನ್ನ ನಡಿಗೆಯ ಹಿಂದೆ ಆಕೆಯ ನಡೆಯದ ವಾರಿ ಇದೆ ಎಂದು ನೀವು ಊಹಿಸಿದರೆ ಅರ್ಧ ಸರಿ. ಉಳಿದರ್ಧ ಹೇಳಲು ಕಷ್ಟ. ಇಪ್ಪತ್ತೆಂಟು ವರ್ಷ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಇನ್ನೊಬ್ಬರ ಮೊಣಕೈ ತಾಗಿಸಿಕೊಂಡು ನಿಂತವಳು ನಾನು. ಆಫೀಸಿನಲ್ಲಿ ಜನ, ಮನೆಯಲ್ಲಿ ಜನ. ನನ್ನ ಹೆಜ್ಜೆಯ ವೇಗ ಎಷ್ಟು ಎಂದು ನನಗೇ ಗೊತ್ತಿರಲಿಲ್ಲ. ದಿಂಡಿ ಸೇರಿದರೆ ಅಲ್ಲೂ ಅವರ ವೇಗ, ಅವರ ಚಹಾದ ಹೊತ್ತು.

ಅಭ್ಯಾಸ ಶುರು ಮಾಡಿದ್ದು ಫೆಬ್ರವರಿಯಲ್ಲಿ. ಡೊಂಬಿವಲಿಯಲ್ಲಿ ನಡೆಯಲು ಫುಟ್‌ಪಾತ್ ಹುಡುಕುವುದೇ ಒಂದು ತೀರ್ಥಯಾತ್ರೆ. ಹಾಗಾಗಿ ಬೆಳಿಗ್ಗೆ ನಾಲ್ಕೂವರೆಗೆ, ಹಾಲಿನವರೂ ಪೇಪರಿನವರೂ ಮಾತ್ರ ಇರುವ ಹೊತ್ತಿಗೆ ಹೊರಡುತ್ತೇನೆ. ನಮ್ಮೂರಿನ ಒಂದು ದೊಡ್ಡ ಅನುಕೂಲವೆಂದರೆ ಲೋಕಲ್: ಹೋಗುವಾಗ ನಡೆದು, ಬರುವಾಗ ಗಾಡಿ ಹತ್ತಬಹುದು. ಮೊದಲು ಠಾಕುರ್ಲಿ, ಆಮೇಲೆ ಕಲ್ಯಾಣ, ಆಮೇಲೆ ವಿಠ್ಠಲವಾಡಿ. ಈ ಹೆಸರಿನ ಸ್ಟೇಷನ್ ಮುಟ್ಟಿದ ದಿನ ಅವ್ವನಿಗೆ ಫೋನ್ ಮಾಡಿ “ಮುಟ್ಟಿದೆ” ಎಂದೆ. “ಅಲ್ಲೇ ಇರು, ಮುಂದ ಹೋಗಬ್ಯಾಡ” ಅಂದಳು. ಏಪ್ರಿಲ್ ಕೊನೆಗೆ ಅಂಬರನಾಥದ ಶಿವಾಲಯದವರೆಗೆ ನಡೆದೆ. ಶಿಲಾಹಾರರು 1060ರಲ್ಲಿ ಕಟ್ಟಿದ ಕಪ್ಪು ಕಲ್ಲಿನ ಗುಡಿ. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು, ನನ್ನ ತೊಡೆಗಳು ಆ ಇಳಿತದಲ್ಲೇ ನಡುಗಿದವು.

ಏರಿನ ಅಭ್ಯಾಸಕ್ಕೆ ಬೇಲಾಪುರದ ಪಾರ್ಸಿಕ್ ಗುಡ್ಡ. ಪುಣೆಯಿಂದ ಸಾಸವಡಕ್ಕೆ ಹೋಗುವ ದಿನವೇ ವಾರಿಯ ಕಠಿಣ ದಿನ, 30 ಕಿ.ಮೀ. ದಾಟುವ ನಡಿಗೆ, ಮಧ್ಯದಲ್ಲಿ ದಿವೆ ಘಾಟ್. ಸಾಸವಡ ಇರುವುದು ಪುರಂದರ ತಾಲೂಕಿನಲ್ಲಿ. ಪುರಂದರದಾಸರ ಊರು ಅದೇ ಕೋಟೆಯ ಪುರಂದರಗಡ ಎಂದು ಬಹುಕಾಲ ನಂಬಿದ್ದೆವು, ಈಗ ತೀರ್ಥಹಳ್ಳಿಯ ಆರಗ ಎನ್ನುವ ವಾದ ಗಟ್ಟಿಯಾಗಿದೆ. ಯಾವುದಾದರೂ ಇರಲಿ, ವಿಠ್ಠಲನ ಗುಡಿಯಲ್ಲಿ ದಾಸರನ್ನು ಕಳ್ಳನೆಂದು ಕಟ್ಟಿಹಾಕಿದ್ದರು ಎನ್ನುವ ಕಂಬ ನೋಡುವುದು ನನ್ನ ಪಟ್ಟಿಯಲ್ಲಿದೆ.

ಶೂ ವಿಚಾರದಲ್ಲಿ ಒಂದು ಮಾತು, ನಿಮಗೂ ಉಪಯೋಗವಾದೀತು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆದರೆ ಪಾದ ಊದುತ್ತದೆ, ಆದ್ದರಿಂದ ಅರ್ಧ ನಂಬರು ದೊಡ್ಡದು ಬೇಕು, ಸಂಜೆಯ ಹೊತ್ತೇ ಕೊಳ್ಳಬೇಕು. ಹೊಸ ಶೂ ವಾರಿಗೆ ಹಾಕಿಕೊಂಡು ಹೋಗುವುದು ಎಂದರೆ ಬೊಬ್ಬೆಗೆ ಆಮಂತ್ರಣ ಕೊಟ್ಟಂತೆ. ಆ ಹಾದಿಯಲ್ಲಿ ಅರ್ಧಕ್ಕರ್ಧ ಜನ ಹಳೆಯ ಚಪ್ಪಲಿಯಲ್ಲಿ ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ, ಅದೂ ಗೊತ್ತು.

ಇಷ್ಟೆಲ್ಲ ಕಾಲಿನ ಮಾತು. ನಿಜವಾದ ತೊಡಕು ರಾತ್ರಿಯದು. ಹಗಲು ಆ ರಸ್ತೆಯಲ್ಲಿ ಒಂಟಿ ಹೆಂಗಸಿಗೆ ಹೆದರಿಕೆಯಿಲ್ಲ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಅಲ್ಲಿ ಎಲ್ಲರೂ ಎಲ್ಲರಿಗೂ ಮಾಉಲಿ, ಅಂದರೆ ತಾಯಿ. ಮಾಉಲಿ ಎಂದರೆ ಸಾಕು, ದಾರಿ ಬಿಡುತ್ತಾರೆ. ಆದರೆ ಮಲಗುವುದೆಲ್ಲಿ, ನಸುಕಿನ ಮೂರು ಗಂಟೆಗೆ ಸ್ನಾನ ಎಲ್ಲಿ, ಶೌಚ ಎಲ್ಲಿ? ಸರ್ಕಾರದ ನಿರ್ಮಲ ವಾರಿ ಯೋಜನೆಯಿಂದ ಸಂಚಾರಿ ಶೌಚಾಲಯಗಳು ಬಂದಿವೆ. ಬಂದಿವೆ ಎನ್ನುವುದು ಬೇರೆ, ಕತ್ತಲಲ್ಲಿ ಸಾಲು ನಿಲ್ಲುವುದು ಬೇರೆ. ಈ ಪ್ರಶ್ನೆ ಗಂಡಸರು ಬರೆದ ವಾರಿಯ ಕಥನಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ದಾರಿ ತೋರಿಸಿದ್ದು ಠಾಣೆಯ ನನ್ನ ಸಹೋದ್ಯೋಗಿ. ಅವರ ಮಾವಶಿ ಹದಿನಾರು ವರ್ಷದಿಂದ ಒಂದೇ ದಿಂಡಿಯಲ್ಲಿ ನಡೆಯುತ್ತಾರೆ. ದಿಂಡಿಯ ಯಜಮಾನರೊಂದಿಗೆ ಮಾತಾಡಿದೆ. ಹಗಲು ನನ್ನ ಪಾಡಿಗೆ ನಾನು, ರಾತ್ರಿ ಹೆಂಗಸರ ಗುಡಾರದಲ್ಲಿ ಒಂದು ಚಾಪೆಯ ಜಾಗ. ಅವರು ಫೋನಿನಲ್ಲಿ ತುಸು ಹೊತ್ತು ಸುಮ್ಮನಿದ್ದು, ಹಣ ಪೂರಾ ಕೊಡಬೇಕು, ಸಂಜೆಯ ಹರಿಪಾಠಕ್ಕೆ ಇರಬೇಕು ಎಂದರು. ಒಪ್ಪಿದೆ. ಕರ್ವೆಯವರಿಗೆ ತಮ್ಮ ದಿಂಡಿಯಲ್ಲಿ ಕಾಡಿದ್ದು ಬೇರೆಯೇ ಸಂಗತಿ: ಕೂಡಿ ನಡೆದು ಕೂಡಿ ಹಾಡಿದ ಬ್ರಾಹ್ಮಣರೂ ಮರಾಠರೂ ಉಣ್ಣುವಾಗ ಬೇರೆ ಬೇರೆ ಕೂರುತ್ತಿದ್ದರು. ಈ ಗುಡಾರದಲ್ಲಿ ಪಂಕ್ತಿ ಹೇಗೆ ಎಂದು ಕೇಳಿದೆ. ಒಂದೇ ಪಂಕ್ತಿ ಎಂದರು. ನೋಡಬೇಕು.

ಅವ್ವನಿಗೆ ಹೇಳಿದಾಗ ಆಕೆ ಮೊದಲು ಕೇಳಿದ್ದು, “ಮತ್ತ ನನ್ನ ಯಾರು ನೋಡಾವ್ರು?” ಮೂರು ತಿಂಗಳಿಂದ ಇಬ್ಬರೂ ಬಾಯಿಗೆ ತರದೆ ತಿರುಗಿಸುತ್ತಿದ್ದ ಮಾತು ಅದೇ. ದಿಂಡಿಯ ತಕರಾರೆಲ್ಲ ಅದರ ಮೇಲಿನ ಹೊದಿಕೆ. ತಮ್ಮನ ಹೆಂಡತಿ ಸೊಲ್ಲಾಪುರದಿಂದ ಬಂದು ಇರುತ್ತಾಳೆ ಎಂದು ಆಗಲೇ ಮಾತಾಗಿತ್ತು. ಆದರೂ ಅವ್ವ ಕೇಳಿದ್ದು ಅದನ್ನಲ್ಲ ಎಂದು ನನಗೆ ಗೊತ್ತಿತ್ತು. “ಬರೋತನಕ ಗಟ್ಟಿ ಇರ್ತೀ ಏನವ್ವಾ?” ಎಂದೆ. “ನಿನ್ನ ಇಟ್ಟೋಬಾನ್ನ ಕೇಳು” ಎಂದಳು. ಆಮೇಲೆ ತುಸು ಹೊತ್ತು ಬಿಟ್ಟು, ವಾಖರಿಗೆ ಕಾರು ಹೋಗುತ್ತದೆಯೇ ಎಂದು ವಿಚಾರಿಸಿದಳು. ವಾಖರಿ ಪಂಢರಪುರಕ್ಕೆ ಮುಂಚಿನ ಕೊನೆಯ ತಂಗು, ಎಲ್ಲ ಸಂತರ ಪಾಲಖಿಗಳೂ ಅಲ್ಲಿ ಕೂಡುತ್ತವೆ. ಏಕಾದಶಿಯ ಗದ್ದಲದಲ್ಲಿ ಕಾರು ಅಲ್ಲಿಯವರೆಗೆ ಬಿಡುವುದಿಲ್ಲ. ಎಲ್ಲಿಯವರೆಗೆ ಬಿಡುತ್ತಾರೋ ಅಲ್ಲಿಗೆ ತಮ್ಮ ಕರೆತರುತ್ತಾನೆ ಎಂದೆ. ತಮ್ಮ ಇನ್ನೂ ಹೂಂ ಅಂದಿಲ್ಲ.

ಕಲ್ಯಾಣದಿಂದ ಪುಣೆಗೆ ಇಂದ್ರಾಯಣಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ತೆಗೆಸಿಯಾಗಿದೆ. ಆಳಂದಿಯ ನದಿಯ ಹೆಸರಿನ ಗಾಡಿ. ಮೊನ್ನೆ ಕೆಳಗಿನ ರದ್ದಿ ಅಂಗಡಿಯ ತಕ್ಕಡಿಯಲ್ಲಿ ಚೀಲ ತೂಗಿಸಿದೆ, ಐದು ಕಿಲೋ ಎಂಟುನೂರು. ನಾಲ್ಕೂವರೆ ದಾಟಬಾರದು. ಮನೆಗೆ ತಂದು ನೆಲದ ಮೇಲೆ ಸುರಿದಾಗ ಅವ್ವ ಹಾಸಿಗೆಯಿಂದಲೇ ಒಂದೊಂದಾಗಿ ತೆಗೆಸಿದಳು: ಎರಡನೆಯ ಟವೆಲು, ಪುಸ್ತಕ, ಪೌಡರ್ ಡಬ್ಬಿ. ಟಾರ್ಚ್, ಬಿಪಿ ಗುಳಿಗೆ, ಮಳೆಗೆ ಪ್ಲಾಸ್ಟಿಕ್ ಹಾಳೆ ಇರಲಿ ಎಂದಳು. ಅಷ್ಟೆಲ್ಲ ಹಗುರ ಮಾಡಿಸಿ, ದಿಂಬಿನ ಕೆಳಗಿಂದ ಒಂದು ಪಾವು ಶೇಂಗಾ ಚಟ್ನಿಯ ಪುಡಿಕೆ ತೆಗೆದು ಮೇಲಿಟ್ಟಳು.