ಬುಟ್ಟಿಯ ಬಳಚು, ಗೋಣಿಯ ಬಳಚು

ನಾನು ಹೈಸ್ಕೂಲು ಮುಗಿಸುವವರೆಗೂ ಕುಮಟಾ ಸುತ್ತಿನಲ್ಲಿ ಬಳಚನ್ನು, ಅಂದರೆ ನದಿಯ ಹೊಯ್ಗೆಯಲ್ಲಿ ಸಿಗುವ ಚಿಪ್ಪುಜೀವಿಯನ್ನು, ಗೋಣಿಚೀಲದಲ್ಲಿ ಕಂಡವನಲ್ಲ. ಅದು ಬುಟ್ಟಿಯಲ್ಲಿ, ಹೆಂಗಸರ ತಲೆಯ ಮೇಲೆ, ನೀರು ಸೋರಿಸುತ್ತ ಬರುತ್ತಿತ್ತು. ಬೆಳಗಿನ ಇಳಿತದಲ್ಲಿ ಆಯ್ದದ್ದು ಮಧ್ಯಾಹ್ನದೊಳಗೆ ಹೆಗಡೆ, ದೀವಗಿ, ಮಿರ್ಜಾನ, ಬೆಟ್ಕುಳಿಯ ಅಂಗಳಗಳಲ್ಲಿ ಪಾಲು ಬೀಳುತ್ತಿತ್ತು. ಸಂಜೆಗೆ ಅದು ಮಾರಿ ಮುಗಿಯಲೇಬೇಕು. ಮಾರನೆ ದಿನ ಮಾರುವ ಬಳಚು ಅಂತ ಒಂದು ಪದಾರ್ಥವೇ ಇರಲಿಲ್ಲ. ಕೆಲವರು ದುಡ್ಡು ಕೊಡುತ್ತಿದ್ದರು, ಕೊಯ್ಲಿನ ದಿನಗಳಲ್ಲಿ ಅಕ್ಕಿ ಅಳೆದು ಕೊಡುವವರೂ ಇದ್ದರು.

ನಮ್ಮ ಅಂಗಳಕ್ಕೆ ಬರುತ್ತಿದ್ದ ಅಂಬಿಗರ ಹೆಂಗಸಿಗೆ ಅಮ್ಮ ಮೊದಲು ಕೇಳುತ್ತಿದ್ದುದು ದರವನ್ನಲ್ಲ.

“ಎಲ್ಲಿದೇ ಇದು?”

“ಮಾಸೂರ ಬದಿದು ಅಕ್ಕೋರೆ. ಬಡ್ದು ನೋಡಿ ಬೇಕಾದ್ರೆ.”

ಅಮ್ಮ ಎರಡು ಬಳಚು ತೆಗೆದು ಒಂದಕ್ಕೊಂದು ಬಡಿಯುತ್ತಿದ್ದಳು. ಜೀವ ಇದ್ದದ್ದು ಕಲ್ಲು ಕಲ್ಲಿಗೆ ತಾಗಿದಂತೆ ಟಣ್ಣೆನ್ನುತ್ತದೆ. ಸತ್ತದ್ದರ, ರಾಡಿ ತುಂಬಿದ್ದರ ಸದ್ದು ಬೊಳ್ಳು. ಬಾಯಿ ಬಿಟ್ಟುಕೊಂಡು ಬಿದ್ದದ್ದನ್ನು ಮುಟ್ಟಿದರೂ ಮುಚ್ಚಿಕೊಳ್ಳದಿದ್ದರೆ ಅದು ನೇರ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಯಾವ ದಡದ್ದು ಎಂದು ಕೇಳುವುದಕ್ಕೂ ಕಾರಣವಿತ್ತು: ಎಲ್ಲಿ ಗಜನಿ ಗದ್ದೆಯ ಕೊಳೆತ ನೀರು ಬಿಡುತ್ತಾರೆ, ಎಲ್ಲಿ ಹೆಣ ಸುಡುತ್ತಾರೆ, ಎಲ್ಲಿ ದನ ತೊಳೆಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿದ್ದ ಕಾಲ ಅದು. ಮಾರುವವಳು ಸುಳ್ಳು ಹೇಳಿದರೆ ಮರುವಾರ ಅದೇ ಅಂಗಳಕ್ಕೆ ಬರಬೇಕಲ್ಲ.

ಆಯುವುದನ್ನು ನೋಡಬೇಕಾದರೆ ಅಮಾಸೆ ಅಥವಾ ಹುಣ್ಣಿಮೆಯ ಆಸುಪಾಸು ಹೋಗಬೇಕು. ಆಗ ಇಳಿತ ಆಳ, ನದಿಯ ನಡುವಿನ ಹೊಯ್ಗೆ ದಿಬ್ಬಗಳೆಲ್ಲ ಬೆನ್ನು ತೋರಿಸುತ್ತವೆ. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹಿಮ್ಮಡಿಯಿಂದ ಹೊಯ್ಗೆ ತಿರುವುತ್ತಾರೆ. ಕಾಲಿಗೆ ತಾಗಿದ್ದು ಕಲ್ಲೋ ಬಳಚೋ ಎಂಬುದು ಕಾಲಿಗೇ ತಿಳಿಯುತ್ತದೆ. ಬಗ್ಗಿ ಎತ್ತಿ, ಸೊಂಟಕ್ಕೆ ಹಗ್ಗ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಅಲ್ಯೂಮಿನಿಯಂ ಬೋಗುಣಿಗೆ ಹಾಕುತ್ತಾರೆ. ಬೆರಳ ಉಗುರಿಗಿಂತ ಚಿಕ್ಕದನ್ನು ಹಿಂದಕ್ಕೆ ಎಸೆಯುತ್ತಿದ್ದರು. ಈಗಿನ ಭಾಷೆಯಲ್ಲಿ ಅದಕ್ಕೆ ಸಂರಕ್ಷಣೆ ಎನ್ನಬಹುದೇನೋ, ಆಗ ಅದು ಬರೀ ‘ಇದ್ರಾಗೆ ಮಾಂಸ ಇಲ್ಲ’ ಎಂಬ ಲೆಕ್ಕ. ಆಳದ ಕಾಲುವೆಯಲ್ಲಿ ಮುಳುಗಿ ತೆಗೆಯುವ ಕೆಲಸ ಗಂಡಸರದ್ದು. ಬಂಡೆಗೆ ಅಂಟಿದ ಕಲ್ವಾ ಚಿಪ್ಪು ಬಿಡಿಸಲು, ಕಡಲ ಬಾಯಿಯ ನೀಲಿಕಲ್ಲು ಚಿಪ್ಪು ಕೀಳಲು ಬೇರೆಯೇ ಜನ, ಬೇರೆಯೇ ಕತ್ತಿ.

ಅಘನಾಶಿನಿಯ ಈ ಅಳಿವೆ ಇಷ್ಟು ಕೊಡುತ್ತಿದ್ದುದಕ್ಕೆ ಕಾರಣ ಮೇಲೆಲ್ಲೋ ಇದೆ. ಅಘನಾಶಿನಿ ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿ ತದಡಿಯಲ್ಲಿ ಕಡಲು ಸೇರುವವರೆಗೆ ಅದಕ್ಕೆ ಒಂದು ಅಣೆಕಟ್ಟೂ ಇಲ್ಲ, ದಡದಲ್ಲಿ ದೊಡ್ಡ ಕಾರ್ಖಾನೆಯೂ ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು, ಹೀಗೆ ವರ್ಷದ ಲಯ ಕೆಡದೆ ನಡೆದಿದೆ. ಪಕ್ಕದ ಶರಾವತಿಯಲ್ಲಿ ಹಾಗಿಲ್ಲ. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಗೆಯಲ್ಲೂ ಅಳಿವೆಗೆ ಇಳಿಯುತ್ತದೆ, ಉಪ್ಪು ಬೇಡುವ ಜಾತಿಗಳು ಅಲ್ಲಿ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 2000ದ ದಶಕದಲ್ಲಿ ಇಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಈ ಒಂದೇ ಅಳಿವೆಯಿಂದ ಏಳುತ್ತಿದ್ದವು, ಎರಡು ಸಾವಿರಕ್ಕೂ ಹೆಚ್ಚು ಜನ ಅದರ ಮೇಲೆ ಬದುಕಿದ್ದರು.

ಆ ಹೊತ್ತಿಗೆ ಬುಟ್ಟಿಯ ಕಾಲ ಮುಗಿದಿತ್ತು. 1998ಕ್ಕೆ ಕೊಂಕಣ ರೈಲು ಪೂರ್ತಿ ಓಡತೊಡಗಿತು, ಹೆದ್ದಾರಿಯಲ್ಲಿ ಲಾರಿ ಹೆಚ್ಚಿದವು, ಮನೆಮನೆಗೆ ಫೋನು ಬಂತು. ಗೋವಾದಲ್ಲಿ ಈ ದಿನ ಬಳಚಿಗೆ ಎಷ್ಟು ಎಂಬುದು ದಡದಲ್ಲಿ ನಿಂತ ಏಜೆಂಟರಿಗೆ ಬೆಳಿಗ್ಗೆಯೇ ತಿಳಿಯುತ್ತಿತ್ತು. ಮಾಸೂರಿನದು, ಐಗಳಕುರ್ವೆಯದು, ತದಡಿ ಬದಿಯದು ಎಲ್ಲ ಒಂದೇ ರಾಶಿಗೆ ಬಿದ್ದು, ಗೋಣಿ ತುಂಬಿ, ಬಾಯಿ ಹೊಲಿಸಿಕೊಂಡು ಗೋವಾ, ಕೇರಳದ ಕಡೆ ಹೊರಟವು. ಆಯುವವರ ಕೈಗೆ ದುಡ್ಡು ಬಂತು ಎಂಬುದನ್ನು ಮರೆಯಬಾರದು. ಹಂಚಿನ ಮನೆಗಳೆದ್ದವು, ಹೆಣ್ಣುಮಕ್ಕಳು ಕಾಲೇಜಿಗೆ ಹೋದರು. ಬುಟ್ಟಿಯ ಕಾಲವನ್ನು ನೆನೆದು ಹಲುಬುವವರು ಆ ಬುಟ್ಟಿಯನ್ನು ಬಿಸಿಲಲ್ಲಿ ಹೊತ್ತವರಲ್ಲ.

ಆದರೆ ಆ ರಾಶಿಯಲ್ಲಿ ಅಮ್ಮನ ಪ್ರಶ್ನೆಗೆ ಉತ್ತರ ಇರಲಿಲ್ಲ. ಗೋಣಿಯ ಬಳಚನ್ನು ‘ಎಲ್ಲಿದು’ ಎಂದು ಕೇಳಿದರೆ ಅಂಗಡಿಯವನು ಹೇಳುವುದು, ‘ಲಾರಿದು’.

ಅದು ಯಾಕೆ ಮುಖ್ಯ ಎಂಬುದು ಬಳಚಿನ ಊಟದ ಕ್ರಮದಲ್ಲಿದೆ. ಅದು ಬೇಟೆಯಾಡುವುದಿಲ್ಲ. ಕೂತಲ್ಲೇ ಗಂಟೆಗಟ್ಟಲೆ ನೀರು ಹೀರಿ, ಸೋಸಿ, ತೇಲುವ ಪಾಚಿಯ ಕಣಗಳನ್ನು ಉಳಿಸಿಕೊಂಡು ನೀರನ್ನು ಹೊರಗೆ ಬಿಡುತ್ತದೆ. ನೀರಿನಲ್ಲಿ ವಿರಳವಾಗಿರುವ ರೋಗಾಣು ಅದರ ಹೊಟ್ಟೆಯಲ್ಲಿ ದಟ್ಟವಾಗುತ್ತದೆ. ಮೀನಾದರೆ ಹೊಟ್ಟೆ ಸೀಳಿ ಬಿಸಾಡುತ್ತೇವೆ, ಬಳಚನ್ನು ಹೊಟ್ಟೆ ಸಮೇತ ತಿನ್ನುತ್ತೇವೆ. ಮನುಷ್ಯರ ಹೇಲಿನಿಂದ ಬರುವ ಕಾಮಾಲೆಯ ವೈರಸ್ಸು, ಅಂದರೆ ಹೆಪಟೈಟಿಸ್ ಎ, ಹೀಗೇ ಹರಡುತ್ತದೆ. 1988ರಲ್ಲಿ ಚೀನಾದ ಶಾಂಘೈಯಲ್ಲಿ ಕೊಳಚೆ ಸೇರಿದ ದಡದ ಚಿಪ್ಪುಗಳನ್ನು ಅರೆಬೇಯಿಸಿ ತಿಂದು ಸುಮಾರು 3 ಲಕ್ಷ ಜನ ಕಾಮಾಲೆಗೆ ಬಿದ್ದರು. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಕ್ಕೆ ಕೊಳಚೆಯೂ ಬೇಕಿಲ್ಲ. ಬೆಚ್ಚಗಿನ ಉಪ್ಪುನೀರೇ ಅದರ ಮನೆ. ಆಯ್ದ ಬಳಚು ಬಿಸಿಲಿನ ಗೋಣಿಯಲ್ಲಿ ಕೂತಷ್ಟು ಹೊತ್ತು ಅದು ಬೆಳೆಯುತ್ತಲೇ ಹೋಗುತ್ತದೆ. ಬುಟ್ಟಿಗೂ ಗೋಣಿಗೂ ಇರುವ ವ್ಯತ್ಯಾಸ ಇಲ್ಲಿ ಗಂಟೆಗಳದ್ದು.

ಅಮ್ಮನ ಅಡುಗೆ ಆ ವೈರಸ್ಸಿಗೂ ಈ ವಿಬ್ರಿಯೊಗೂ ಸಾಕಿತ್ತು. ರಾತ್ರಿಯಿಡೀ ಉಪ್ಪುನೀರಲ್ಲಿ ಬಿಟ್ಟು ಹೊಯ್ಗೆ ಕಾರಿಸುವುದು, ಬೆಳಿಗ್ಗೆ ತಿಕ್ಕಿ ತೊಳೆದು ಬಾಯಿ ತೆರೆಯುವವರೆಗೆ ಕುದಿಸುವುದು, ತೆರೆಯದ್ದನ್ನು ಎಸೆಯುವುದು, ಆಮೇಲೆ ಕಾಯಿ, ಧನಿಯಾ, ಒಣಮೆಣಸು ಅರೆದ ಮಸಾಲೆಯಲ್ಲಿ ಮುರುಗಲ ಸಿಪ್ಪೆ ಹಾಕಿ ಮತ್ತೊಮ್ಮೆ ಚೆನ್ನಾಗಿ ಕುದಿಸುವುದು. ಕುಚಲಕ್ಕಿ ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ಇನ್ನೂ ಸಿಕ್ಕಿಲ್ಲ. ಈ ಎರಡನೆಯ ಕುದಿತವೇ ಕಾಯುತ್ತಿದ್ದುದು. ಬಾಯಿ ತೆರೆದ ಮಾತ್ರಕ್ಕೆ ಬಳಚು ಬೆಂದಿತೆಂದಲ್ಲ. ಮಾಂಸದ ಒಳಗಿನ ಬಿಸಿ 90 ಡಿಗ್ರಿ ಮುಟ್ಟಿ 90 ಸೆಕೆಂಡಾದರೂ ನಿಂತರೆ ಮಾತ್ರ ಕಾಮಾಲೆಯ ವೈರಸ್ಸು ಸಾಯುತ್ತದೆ ಎಂಬುದು ಅಂತಾರಾಷ್ಟ್ರೀಯ ಅಳತೆ. ಗೋಕರ್ಣದ ಕಡೆ ಬೆಣ್ಣೆ-ಬೆಳ್ಳುಳ್ಳಿಯಲ್ಲಿ ಹಾಗೇ ಒಮ್ಮೆ ಬಾಡಿಸಿ ಕೊಡುವ ಹೊಸ ತಿನಿಸನ್ನು ಕಂಡಾಗ ನನಗೆ ಆ ಎರಡನೆಯ ಕುದಿತ ನೆನಪಾಗುತ್ತದೆ. ಒಮ್ಮೆ ಅಂಥ ಊಟದ ಮರುದಿನ ನಮ್ಮ ಮನೆಗೆ ಬಂದ ನೆಂಟರಲ್ಲಿ ಮೂವರು ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಯಲ್ಲೇ ಉಂಡ ನಮಗೆ ಏನೂ ಆಗಲಿಲ್ಲ.

ರಾತ್ರಿ ನೆನೆಹಾಕುವುದರ ಬಗ್ಗೆ ಊರಲ್ಲಿ ಒಂದು ಅತಿ ನಂಬಿಕೆ ಇದೆ: ಅದರಿಂದ ವಿಷವೆಲ್ಲ ಹೋಗುತ್ತದೆಂದು. ಹೋಗುವುದು ಹೊಯ್ಗೆ. ರೋಗಾಣು ಹೋಗಬೇಕಾದರೆ ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಶುದ್ಧ ಮಾಡಿದ ಉಪ್ಪುನೀರು ಹರಿಯುವ ತೊಟ್ಟಿಯಲ್ಲಿ ಎರಡು ದಿನದ ಹತ್ತಿರ ಇಡಬೇಕು. ಆಗಲೂ ಬ್ಯಾಕ್ಟೀರಿಯಾ ಹೋದಷ್ಟು ಸುಲಭಕ್ಕೆ ವೈರಸ್ಸು ಹೋಗದು. ನಾವು ಮಾಡುತ್ತಿದ್ದುದು ಅದೇ ನದಿಯ ನೀರು ತಂದು ಅದೇ ಬಳಚಿಗೆ ಮತ್ತೆ ಕುಡಿಸುವುದು.

ಇನ್ನೊಂದು ಅಪಾಯಕ್ಕೆ ಅಮ್ಮನ ಬಳಿಯೂ ಮದ್ದಿರಲಿಲ್ಲ. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಜಂನಲ್ಲಿ ಬಂಡೆಯ ಕಲ್ಲುಚಿಪ್ಪು ತಿಂದು 7 ಜನ ಸತ್ತರು, 500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ತಿಂದವರು ಬೇಯಿಸಿಯೇ ತಿಂದಿದ್ದರು. ಕಡಲಲ್ಲಿ ಕೆಲವು ಜಾತಿಯ ಸೂಕ್ಷ್ಮ ಪಾಚಿ ಒಮ್ಮೆಗೇ ಹೆಚ್ಚಿದಾಗ ಅದನ್ನು ಸೋಸಿ ತಿಂದ ಚಿಪ್ಪಿನಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಸೇರುತ್ತದೆ. ಚಿಪ್ಪಿಗೆ ಏನೂ ಆಗುವುದಿಲ್ಲ, ಬಡಿದರೆ ಟಣ್ಣೆಂದೇ ಅನ್ನುತ್ತದೆ. ರುಚಿ, ವಾಸನೆ ಬದಲಾಗದು, ಕುದಿಸಿದರೆ ವಿಷ ಕೆಡದು. ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಜುಮುಜುಮು, ಆಮೇಲೆ ಕೈಕಾಲು ಜೋಮು, ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಅದಕ್ಕೆ ಪ್ರತಿವಿಷ ಇಲ್ಲ. ಉಸಿರಾಟದ ಯಂತ್ರ ಇರುವ ಆಸ್ಪತ್ರೆಗೆ ಬೇಗ ತಲುಪಿದವರು ಉಳಿಯುತ್ತಾರೆ.

ವಿಳಿಂಜಂ ಸುದ್ದಿ ಪೇಪರಿನಲ್ಲಿ ಬಂದಾಗ ನಮ್ಮಲ್ಲಿ ಹಲವರು ‘ಅದು ಕೇರಳದ ಕಡಲು’ ಎಂದು ಸಮಾಧಾನ ಮಾಡಿಕೊಂಡರು. ಆದರೆ 1983ರಲ್ಲೇ ಮಂಗಳೂರಿನ ಕಡೆ ಇಂಥ ಪ್ರಕರಣ ಆಗಿತ್ತು. ಅಲ್ಲಿನ ಮೀನುಗಾರಿಕೆ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದರು. ಅದಕ್ಕೂ ಎರಡು ವರ್ಷ ಮೊದಲು ತಮಿಳುನಾಡಿನಲ್ಲಿ, ನಾವು ತಿನ್ನುವಂಥದೇ ಬಳಚಿನಿಂದ, ಮೂವರು ಸತ್ತಿದ್ದರು. ಇವು ಅಪರೂಪದ ಘಟನೆಗಳು ನಿಜ. ಕರಾವಳಿಯ ಸಾವಿರಾರು ಮನೆಗಳು ಪ್ರತಿ ಬೇಸಗೆಯೂ ಬಳಚು ಉಂಡು ಆರಾಮಾಗಿವೆ, ನಾನೂ ಅವರಲ್ಲೊಬ್ಬ. ಹಾಗೆಂದು ಅನುಭವದ ಕಣ್ಣಿಗೆ ಕಾಣದ ವಿಷವನ್ನು ಅನುಭವದಿಂದ ತಡೆಯುತ್ತೇವೆ ಎನ್ನಲಾಗದು. ಅದಕ್ಕೆ ಬೇಕಾದದ್ದು ನೀರಿನ, ಮಾಂಸದ ಪರೀಕ್ಷೆ. ಒಂದು ಕಿಲೋ ಮಾಂಸದಲ್ಲಿ ಈ ವಿಷ 800 ಮೈಕ್ರೋಗ್ರಾಂ ದಾಟಿದರೆ ಆ ದಡದ ಕೊಯ್ಲು ನಿಲ್ಲಿಸಬೇಕೆಂಬುದು ಹಲವು ದೇಶಗಳ ನಿಯಮ. ನಮ್ಮಲ್ಲೂ ಹೊರದೇಶಕ್ಕೆ ಹೋಗುವ ಸರಕಿಗೆ ರಫ್ತು ತಪಾಸಣಾ ಮಂಡಳಿಯ ಕಣ್ಗಾವಲಿದೆ. ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಬಳಚು ಮೀನುಗಾರಿಕೆ 2014ರಲ್ಲಿ ಸುಸ್ಥಿರತೆಯ ಅಂತಾರಾಷ್ಟ್ರೀಯ ಪ್ರಮಾಣಪತ್ರವನ್ನೇ ಪಡೆಯಿತು. ಅಘನಾಶಿನಿಯ ದಡದಲ್ಲಿ ಮಾತ್ರ, ಊರವರು ಓದುವಂತೆ ಇಂಥ ಪರೀಕ್ಷೆಯ ಫಲಿತಾಂಶ ಬರೆದು ಹಾಕಿದ ಒಂದು ಹಲಗೆಯನ್ನೂ ನಾನು ಈವರೆಗೆ ಕಂಡಿಲ್ಲ.

ಇತ್ತೀಚಿನ ವರ್ಷಗಳಲ್ಲಿ ರಾಶಿ ಸಣ್ಣದಾಗಿದೆ. ಚಿಕ್ಕದನ್ನೂ ಬಿಡದೆ ಎತ್ತಿದ್ದು, ಸುಣ್ಣಕ್ಕೆಂದು ತಳದ ಸತ್ತ ಚಿಪ್ಪನ್ನು ಬಗೆದದ್ದು, ಜೋರು ಮಳೆಯ ವರ್ಷಗಳಲ್ಲಿ ಸಿಹಿನೀರು ಏರಿ ಸತ್ತದ್ದು, ಕಾರಣ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 2024ರಲ್ಲಿ ಅಳಿವೆಗೆ ರಾಮ್ಸಾರ್ ತಾಣದ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ಸಿಕ್ಕಿತು. ದಡದಲ್ಲಿ ಅದರ ಬ್ಯಾನರು ಬೇಗ ಬಂತು.

ಈಗ ಬಳಚು ಕೊಳ್ಳುವಾಗ ನಾನು ದಡಕ್ಕೇ ಹೋಗುತ್ತೇನೆ. ಮಳೆಗಾಲದಲ್ಲಿ, ಅಕಾಲದ ದೊಡ್ಡ ಮಳೆಯ ಮರುವಾರದಲ್ಲಿ ತರುವುದಿಲ್ಲ. ಊರಿನ ಕಕ್ಕಸು, ಕೊಟ್ಟಿಗೆಯ ನೀರೆಲ್ಲ ನದಿಗಿಳಿಯುವುದು ಆಗಲೇ. ನೀರಿನ ಬಣ್ಣ ಬದಲಾಗಿದೆ ಎಂದು ಮೀನುಗಾರರು ಹೇಳಿದರೆ ತರುವುದಿಲ್ಲ. ಬಣ್ಣ ಬದಲಾಗದೆಯೂ ವಿಷ ಇರಬಹುದು ಎಂಬುದು ತಿಳಿದೇ ಉಳಿದ ದಿನ ತರುತ್ತೇನೆ.

ಹೋದ ಬೇಸಗೆಯಲ್ಲಿ ಬೋಗುಣಿ ಇಳಿಸಿ ಕೂತ ಹೆಂಗಸೊಬ್ಬಳಿಗೆ ಆ ಹಲಗೆಯ ಮಾತು ಹೇಳಿದೆ. ವಾರಕ್ಕೊಮ್ಮೆ ಪರೀಕ್ಷೆ ಮಾಡಿ, ಇಂದು ಆಯಬಹುದು, ಇಂದು ಬೇಡ ಎಂದು ಸರಕಾರ ಬರೆದು ಹಾಕಿದರೆ ಹೇಗೆ ಎಂದೆ. ಆಕೆ ಪಾಲು ಹಾಕುವುದನ್ನು ನಿಲ್ಲಿಸಲಿಲ್ಲ.

“ಬರೀಲಿ ಮಾಸ್ತರ್ರೆ, ಒಳ್ಳೇದೇ ಆಯ್ತು. ಬೇಡ ಅಂತ ಬರ್ದ ವಾರದ ಅಕ್ಕಿ ಯಾರು ಕೊಡ್ತ್ರು, ಅದ್ನೂ ಅದೇ ಹಲಗೀಲಿ ಬರೀಲಿ.”