ಓದಿದ್ದರಲ್ಲಿ ಏನೈತಪ್ಪಾ?

ಹಿರಿಯೂರಿನ ಕಡೆಯ ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಬಲ್ಲೆ. ಗದ್ಯಪಾಠದ ಒಂದಿಡೀ ಪುಟವನ್ನು ಎಲ್ಲೂ ಎಡವದೆ ಓದಿಬಿಡುತ್ತಾನೆ. ‘ಏನೈತಪ್ಪಾ ಇದ್ರಾಗೆ?’ ಎಂದು ಕೇಳಿದರೆ ಮತ್ತೆ ಮೊದಲ ಸಾಲಿನಿಂದ ಓದಲು ಶುರುಮಾಡುತ್ತಾನೆ. ಆದರೂ ಪ್ರಶ್ನೋತ್ತರದಲ್ಲಿ ಅವನಿಗೆ ಅಂಕ ಬರುತ್ತದೆ. ಪ್ರಶ್ನೆಯ ಎರಡು ಪದ ಪಾಠದಲ್ಲಿ ಎಲ್ಲಿ ಸಿಕ್ಕರೂ ಸಾಕು, ಆ ವಾಕ್ಯವನ್ನು ಪೂರ್ತಿ ಎತ್ತಿ ಬರೆಯುವುದು ಅವನಿಗೆ ರೂಢಿಯಾಗಿದೆ.

ಕಾಗುಣಿತ, ಒತ್ತಕ್ಷರ ಕೈಗೆ ಹತ್ತಿದರೆ ಕನ್ನಡವನ್ನು ಅರ್ಥವಿಲ್ಲದೆಯೂ ಓದಬಹುದು. ಕೈಗೆ ಹತ್ತುವುದೇನೂ ಸುಲಭವಲ್ಲ. ಕನ್ನಡ ಮಕ್ಕಳ ಅಕ್ಷರಕಲಿಕೆಯನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಪ್ರಕಾರ ಆ ಕಲಿಕೆ ನಾಲ್ಕು, ಐದನೇ ತರಗತಿಯವರೆಗೂ ಮುಂದುವರಿಯುತ್ತದೆ. ಕೆಲವರಿಗೆ ಪ್ರೌಢಶಾಲೆಗೆ ಬಂದರೂ ಮುಗಿದಿರುವುದಿಲ್ಲ. 2022ರ ‘ಅಸರ್’ ಶಿಕ್ಷಣ ವರದಿಯಂತೆ ಗ್ರಾಮೀಣ ಭಾರತದ ಎಂಟನೇ ತರಗತಿಯಲ್ಲಿ ಹತ್ತರಲ್ಲಿ ಸುಮಾರು ಮೂವರು ಎರಡನೇ ತರಗತಿಯ ಪಠ್ಯವನ್ನೂ ಓದಲಾರರು. ಅವರಿಗೆ ಅಕ್ಷರದಿಂದಲೇ ಮತ್ತೆ ಕಲಿಸಬೇಕು, ನಾಚಿಕೆಯಾಗದಂತೆ ಕಲಿಸಬೇಕು. ನನ್ನನ್ನು ಹೆಚ್ಚು ಕಾಡುವುದು ಮೊದಲು ಹೇಳಿದ ಆ ಹಿರಿಯೂರಿನ ಕಡೆಯ ಹುಡುಗ. ಸರಾಗವಾಗಿ ಓದುವವನ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವನ ಕೈಗೇ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯದ ಬಗ್ಗೆ ಬಂದ ಪತ್ರಿಕೆಯ ವರದಿ ಕೊಟ್ಟೆ. 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಬಾರಿಗೆ, ಅದು ಕೋಡಿ ಬಿದ್ದ ಸುದ್ದಿ. ಒಳಹರಿವು, ಟಿಎಂಸಿ, 130 ಅಡಿ ಎಂಬ ಒಣ ಪದಗಳೇ ತುಂಬಿದ್ದ ಬರಹ. ಹುಡುಗ ನಿಧಾನವಾಗಿ ಓದಿದ, ನಡುವೆ ತಾನಾಗಿಯೇ ನಿಂತ. ‘ಕೋಡಿ ನೋಡಾಕೆ ನಾವೂ ಹೋಗಿದ್ವಿ, ಜನ ಎಷ್ಟಿದ್ರು ಅಂತ ಇದ್ರಾಗೆ ಬರ್ದೇ ಇಲ್ಲ’ ಎಂದ. ಬರೆದದ್ದರಲ್ಲಿ ಬಿಟ್ಟುಹೋದುದನ್ನು ಹಿಡಿದವನಿಗೆ ಓದು ಬರುವುದಿಲ್ಲ ಎನ್ನಲಾದೀತೆ?

1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಏಳು, ಎಂಟನೇ ತರಗತಿಯ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯೊಂದನ್ನು ಓದಲು ಕೊಟ್ಟರು. ಆಟ ಬಲ್ಲ ‘ದಡ್ಡ’ ಓದುಗರು ಆಟ ಅರಿಯದ ‘ಜಾಣ’ ಓದುಗರಿಗಿಂತ ಹೆಚ್ಚು ನೆನಪಿಟ್ಟು ಹೇಳಿದರು. ಹೊಸದುರ್ಗದ ಮಗುವಿಗೆ ದಾಳಿಂಬೆ ತೋಟ, ಗುಡ್ಡದ ಮೇಲಿನ ಗಾಳಿಯಂತ್ರ, ಬತ್ತಿದ ಬೋರ್‌ವೆಲ್ ಗೊತ್ತು. ಆ ತಿಳಿವನ್ನು ಶಾಲೆಯ ಬಾಗಿಲ ಹೊರಗೆ ಬಿಡಿಸಿ ಪಾಠ ಶುರುಮಾಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಹೊಸ ಪಾಠದ ಪುಟ ತೆರೆಸುವ ಮೊದಲು ಹತ್ತು ನಿಮಿಷ ಅವರ ಮಾತು ಕೇಳಿದರೆ, ಗೊತ್ತಿಲ್ಲದ್ದನ್ನು ಎಲ್ಲಿಂದ ಹೇಳಿಕೊಡಬೇಕೆಂದು ತಿಳಿಯುತ್ತದೆ. ಕೋಟೆಯೂರು ಚಿತ್ರದುರ್ಗದ ಮಗುವಾದರೂ ಕಡಲ ಪಾಠವನ್ನು ಓದಲೇಬೇಕಲ್ಲ.

ನಮ್ಮ ಊರುಗಳಲ್ಲಿ ಗಮಕಿ ಭಾರತ ವಾಚಿಸಿ ನಿಲ್ಲಿಸುತ್ತಿದ್ದರು, ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಿದ್ದರು. ಅಕ್ಷರ ಬಾರದ ಅಜ್ಜಿಯರು ಕುಮಾರವ್ಯಾಸನನ್ನು ತಿಳಿದದ್ದು ಆ ನಿಲುಗಡೆಯಲ್ಲಿ. ತರಗತಿಯಲ್ಲಿ ನಾವು ನಿಲ್ಲಿಸುವುದು ಉಚ್ಚಾರ ತಿದ್ದಲು ಮಾತ್ರ.

ಪಾಲಿನ್ಸ್ಕರ್ ಮತ್ತು ಬ್ರೌನ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಆ ನಿಲುಗಡೆ ಮಕ್ಕಳ ಕೈಗೇ ಬರುತ್ತದೆ. ಅವರು ಆರಿಸಿಕೊಂಡದ್ದು ಏಳನೇ ತರಗತಿಯ, ಓದಬಲ್ಲ ಆದರೆ ಓದಿದ್ದು ಅರ್ಥವಾಗದ ಮಕ್ಕಳನ್ನು. ಒಂದು ಪ್ಯಾರಾ ಓದಿದ ಮೇಲೆ ಒಬ್ಬರು ಪ್ರಶ್ನೆ ಕೇಳಬೇಕು, ಸಾರ ಹೇಳಬೇಕು, ತೊಡಕಾದದ್ದನ್ನು ಬಿಡಿಸಬೇಕು, ಮುಂದೇನು ಬರಬಹುದೆಂದು ಊಹಿಸಬೇಕು. ಮೊದಮೊದಲು ಶಿಕ್ಷಕರೇ ಮಾಡಿ ತೋರಿಸುತ್ತಾರೆ, ಆಮೇಲೆ ಸರದಿಯಂತೆ ಮಕ್ಕಳೇ ಗುರುಗಳು. ಪುಸ್ತಕವಿದ್ದರೆ ಸಾಕು, ಬೇರೆ ಖರ್ಚಿಲ್ಲ. ಸಮಯ ಮಾತ್ರ ಬೇಕು. ಹತ್ತನೇ ತರಗತಿಯಲ್ಲಿ ಸಿಲಬಸ್ ಮುಗಿಸುವ ಒತ್ತಡದಲ್ಲಿರುವ ಮೇಷ್ಟ್ರಿಗೆ ಅದೇ ಕಷ್ಟ. ಆದರೂ ವಾರಕ್ಕೊಂದು ಪೀರಿಯಡ್ ಇದಕ್ಕೆಂದೇ ಇಡಿ ಎಂದು ಅವರನ್ನು ಬೇಡಿಕೊಳ್ಳುತ್ತೇನೆ. ಕನ್ನಡದಲ್ಲಷ್ಟೇ ಅಲ್ಲ, ವಿಜ್ಞಾನದಲ್ಲೂ ಸಮಾಜದಲ್ಲೂ.

ಹೊಳಲ್ಕೆರೆ ಕಡೆಯ ಒಂದು ಶಾಲೆಯಲ್ಲಿ ಹೀಗೆ ಓದಿಸುವುದನ್ನು ಕಂಡೆ. ಅಡಿಕೆ ಬೇಸಾಯದ ಬರಹ. ಗುಂಪಿನಲ್ಲಿ ಬಾಯಿಬಿಡದ ಹುಡುಗಿಯ ಸರದಿ ಬಂತು. ‘ಮಿಸ್, ಕಾಯಿ ಬೇಯ್ಸಾಕೆ ಚೊಗರು ಬೇಕಲ್ಲ, ಅದನ್ನ ಯಾಕೆ ಬರ್ದಿಲ್ಲ?’ ಎಂದು ಕೇಳಿದಳು. ಚೊಗರೆಂದರೆ ಅಡಿಕೆ ಬೇಯಿಸಿದ ರಸ. ಪಕ್ಕದವಳು ‘ಇವ್ರು ತೋಟದ್ದು ಹೇಳ್ತಾ ಇದಾರೆ, ಬೇಯ್ಸೋದು ಮುಂದಿನ ಪ್ಯಾರಾದಾಗೆ ಬರ್ಬೋದು’ ಎಂದಳು. ಇಬ್ಬರೂ ಪುಟ ತಿರುವಿ ಹುಡುಕತೊಡಗಿದರು.