ಯಾವಾಗಲೂ ಹತ್ತಿಕೊಂಡ ಇರೋ ಹಳದಿ ದೀಪ

ನನ್ನ ಮಗಳ ಗಾಡಿಯ ಪೆಟ್ರೋಲ್ ದೀಪದ ಕಥಿ ನಿಮ್ಮೊಳಗ ಭಾಳ ಮಂದಿಗೆ ಗೊತ್ತದ, ಯಾಕಂದ್ರ ಓಣ್ಯಾಗ ಎಲ್ಲಾರ ಮುಂದನೂ ಗೊಣಗೇನಿ. ಈಗ ಅದು ಸರಿ ಆಗ್ಯದ. ಹೆಂಗ ಸರಿ ಆತು ಅನ್ನೋದನ್ನ ಬರದ ಇಡತೇನಿ. ನಿಮ್ಮ ಮನ್ಯಾಗೂ ಗಾಡಿ ಹೊಡಿಯೋ ಹುಡುಗ್ಯಾರು, ಹುಡುಗರು ಇದ್ದಾರಲ್ಲಾ, ಉಪಯೋಗಕ್ಕ ಬಂದೀತು.

ಅಕಿದು ಸ್ಕೂಟಿ ಅಲ್ಲ, ಮೋಟರ್‌ಸೈಕಲ್. ದವಾಖಾನ್ಯಾಗ ನರ್ಸ್, ಧಾರವಾಡದಿಂದ ಹಳಿಯಾಳ ಕಡೆ ಹೋಗಿ ಬರತಾಳ, ಒಮ್ಮೊಮ್ಮೆ ರಾತ್ರಿ ಆಗತದ. ನಡುವ ಅಡವಿ. ಆ ಗಾಡ್ಯಾಗ ಪೆಟ್ರೋಲ್ ಎಷ್ಟದ ಅಂತ ತೋರಸೋ ಮುಳ್ಳಿಲ್ಲ, ಬರೇ ಒಂದ ಹಳದಿ ದೀಪ. ಟ್ಯಾಂಕ್ ಖಾಲಿ ಆಗಾಕ ಬಂದ್ರ ಹತ್ತಬೇಕು. ಇದು ಮಳಿಗಾಲದಿಂದ ಹತ್ತಿಕೊಂಡ ಇತ್ತು, ಗಂಟಲ ಮಟ ತುಂಬಿಸಿದ್ರೂ ಆರತಿರಲಿಲ್ಲ.

ನಮ್ಮನಿಯವರು "ಗಾಡಿ ಓಡತದಲ್ಲಾ, ಒಂದ ದೀಪಕ್ಕ ಯಾಕ ರೊಕ್ಕ ಹಾಕತೀರಿ" ಅಂದ್ರು. ಅವರ ಹಳೇ ಗಾಡ್ಯಾಗ ದೀಪನ ಇರಲಿಲ್ಲ. ಆದ್ರ ಟ್ಯಾಂಕಿನ ಕೆಳಗ ತಿರುವೋ ಕಾಕ್ ಇತ್ತು. ಗಾಡಿ ಡುಗ್ ಡುಗ್ ಅಂತ ನಿಲ್ಲಾಕ ಬಂದ್ರ ರಿಸರ್ವಿಗೆ ತಿರುವೋದು, ಬಂಕಿನ ತನಕ ಹೋಗೋದು. 2020ರ ಏಪ್ರಿಲ್‌ದಾಗ ಬಿ.ಎಸ್. 6 ನಿಯಮ ಬಂದ ಮ್ಯಾಲೆ ಹೊಸಾ ಗಾಡಿಗೋಳು ಹೆಚ್ಚು ಕಡಿಮಿ ಎಲ್ಲಾ ಫ್ಯೂಯೆಲ್ ಇಂಜೆಕ್ಷನ್ನಿನವ, ಅದಕ್ಕ ರಿಸರ್ವ್ ಕಾಕ್ ಇಲ್ಲ. ಮ್ಯಾಲೆ ಟ್ಯಾಂಕಿನೊಳಗ ಒಂದ ಪಂಪ್ ಮುಳುಗಿ ಕೂತಿರತದ, ನಮ್ಮ ಬೋರ್‌ವೆಲ್ ಮೋಟರ್ ಇದ್ದಂಗ. ಅದನ್ನ ತಣ್ಣಗ ಇಡೋದು ಸುತ್ತಲಿನ ಪೆಟ್ರೋಲ್. ಖಾಲಿ ಟ್ಯಾಂಕಿನ್ಯಾಗ ಓಡಿಸಿಕೋತ ಹೋದ್ರ ಪಂಪಿಗೂ ಕೇಡು. ಅಂದಮ್ಯಾಲೆ ಆ ದೀಪ ಬಿಟ್ರ ಹೇಳೋರು ಯಾರದಾರ?

ಮಗಳು ಕಿಲೋಮೀಟರ್ ಲೆಕ್ಕ ಇಡಾಕ ಹತ್ತಿದಳು. ಫುಲ್ ಟ್ಯಾಂಕ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನಿಗೆ ತರೋದು. ಛಲೋ ರೂಢಿ, ಈಗೂ ಬಿಟ್ಟಿಲ್ಲ. ಆದ್ರ ಒಂದಿನ ಜೋಡಿ ಕೆಲಸಾ ಮಾಡೋ ಹುಡುಗಿ ಗಾಡಿ ಇಸಗೊಂಡು ಹೋಗಿದ್ದಳು, ನಡುವ ಯಾವಾಗೋ ಮೀಟರ್ ಸೊನ್ನಿ ಆಗಿತ್ತು. ರಾತ್ರಿ ಒಂಬತ್ತೂವರಿಗೆ ಫೋನ್ ಬಂತು, "ಅವ್ವಾ, ಗಾಡಿ ನಿಂತದ." ನಮ್ಮನಿಯವರು ಬಾಜೂಮನಿ ಹುಡುಗನ್ನ ಕರಕೊಂಡು ಓಡಿದರು. ಅವರು ಮುಟ್ಟೋ ತನಕ ಮುಕ್ಕಾಲು ತಾಸು ನಾನೂ ಫೋನ್ ಇಡಲಿಲ್ಲ, ಅಕಿನೂ ಇಡಲಿಲ್ಲ. ಮಾತಾಡಾಕ ಏನಿತ್ತು? ನಾಳಿ ಡಬ್ಬಿಗೆ ಏನ ಮಾಡ್ಲಿ ಅಂತ ಮೂರ ಸಲ ಕೇಳಿದೆ. ಮೂರೂ ಸಲ ಬ್ಯಾರೆ ಬ್ಯಾರೆ ಹೇಳಿದಳು.

ಮರುದಿನ ರೊಕ್ಕದ ಮಾತು ಯಾರೂ ಎತ್ತಲಿಲ್ಲ.

ಮೊದಲನೇ ಗ್ಯಾರೇಜಿನವ ಕೀಲಿ ತಿರುವಿ ದೀಪ ನೋಡಿದ್ದೇ "ಸೆನ್ಸರ್ ಹೋಗ್ಯದ, ಒಳಗಿನ ಸೆಟ್ಟ ಪೂರಾ ಹೊಸಾದು ಹಾಕಬೇಕು" ಅಂದ. ಕೈ ಸುದ್ದಾ ಹಚ್ಚಲಿಲ್ಲ. ನಾಡಿ ಹಿಡಿಲಾರದ ಔಷಧ ಬರಿಯೋರು ನನಗ ಸೇರೋದಿಲ್ಲ. ಗಾಡಿ ತಿರುಗಿಸಿಕೊಂಡು ನಮ್ಮ ಓಣಿ ಕಡೀ ಮಿಸ್ತ್ರಿ ಕಡೆ ಬಂದ್ವಿ, ವಯಸ್ಸಾದಾಂವ.

ಸೆನ್ಸರ್ ಅಂದ್ರೇನು ಅಂತ ನಾನ ಕೇಳಿದೆ. ಅದೊಂದು ಸಣ್ಣ ಕಾಳಿನಂಥಾದ್ದು, ಥರ್ಮಿಸ್ಟರ್ ಅಂತಾರಂತ. ಅದರಾಗ ಚೂರ ಕರೆಂಟ್ ಹರದು ಬೆಚ್ಚಗ ಆಗಾಕ ನೋಡತದ. ಪೆಟ್ರೋಲಿನ್ಯಾಗ ಮುಳುಗಿದ್ರ ಆ ಬಿಸಿ ಎಲ್ಲಾ ಪೆಟ್ರೋಲ್ ಹೀರತದ, ಕಾಳು ತಣ್ಣಗ, ದೀಪ ಆರಿರತದ. ಪೆಟ್ರೋಲ್ ಇಳದು ಕಾಳು ಬಯಲಿಗೆ ಬಂದ್ರ ಬಿಸಿ ಆಗತದ, ಕರೆಂಟಿಗೆ ದಾರಿ ಬಿಡತದ, ದೀಪ ಹತ್ತತದ. ನಾವು ಗ್ಯಾಸ್ ಸಿಲಿಂಡರಿಗೆ ಹಸಿ ಅರಿವಿ ಒರಸಿ ನೋಡತೇವಲ್ಲಾ, ಗ್ಯಾಸ್ ಇದ್ದಷ್ಟು ಕೆಳಗ ಹಸಿ ಉಳದು ಮ್ಯಾಲಿಂದು ಲಗೂ ಒಣಗತದಲ್ಲಾ, ಅದ ಸೂತ್ರ. ಮಿಸ್ತ್ರಿಗೆ ಹೇಳಿದೆ, ನಕ್ಕ.

ಆಂವ ಸೀಟ್ ತಗದು, ಟ್ಯಾಂಕ್ ಚೂರ ಎತ್ತಿ, ಕೀಲಿ ಆನ್ ಇಟ್ಟು, ಸೆನ್ಸರಿಂದು ಎರಡು ವಾಯರಿನ ಪ್ಲಗ್ ಬಿಡಿಸಿದ. "ಈಗ ದೀಪ ಆರಿದ್ರ ಸೆನ್ಸರಿಂದ ತೊಂದ್ರಿ, ಆರಲಿಲ್ಲಂದ್ರ ವಾಯರಿಂದು" ಅಂದ. ಮೂರೂ ಮಂದಿ ದೀಪಾನ ನೋಡಿಕೋತ ನಿಂತ್ವಿ. ಆರಲಿಲ್ಲ! ವಾಯರ್ ಹಿಡಕೊಂಡು ಮುಂದ ಹೋದ್ರ, ಟ್ಯಾಂಕಿನ ಕೆಳಗ ಚೌಕಟ್ಟಿಗೆ ತಿಕ್ಕಿ ತಿಕ್ಕಿ ಮ್ಯಾಲಿನ ಪ್ಲಾಸ್ಟಿಕ್ ಹೋಗಿ ತಂತಿ ಕಬ್ಬಿಣಕ್ಕ ತಾಗಿತ್ತು. ಗಾಡಿ ಕಬ್ಬಿಣನ ಅರ್ಥ್, ಹಿಂಗಾಗಿ ದೀಪಕ್ಕ ಸದಾ ದಾರಿ ಸಿಕ್ಕಂಗ. ಟೇಪ್ ಸುತ್ತಿ, ಕೊಳವಿ ಹಾಕಿ, ದೂರ ಕಟ್ಟಿದ. ಹೊಸಾ ಸೆಟ್ಟೂ ಇಲ್ಲ, ಪಟ್ಟೂ ಇಲ್ಲ.

ದೀಪ ಆರಿತು ಅಂತ ಅಷ್ಟಕ್ಕ ಎದ್ದು ಬರಬ್ಯಾಡ್ರಿ. ಹತ್ತಬೇಕಾದಾಗ ಹತ್ತತದೋ ಇಲ್ಲೋ ನೋಡಬೇಕು, ಹತ್ತಲಾರದ ದೀಪ ಅದಕ್ಕಿಂತಾ ಘಾತಕ. ಮಿಸ್ತ್ರಿ ಬಿಡಿಸಿದ ಪ್ಲಗ್ಗಿನ ಎರಡು ತುದಿಗೆ ಒಂದ ಸಣ್ಣ ಬಲ್ಬ್ ಹಚ್ಚಿದ, ಮೀಟರಿನ ದೀಪ ಹತ್ತಿತು, ತಗದ್ರ ಆರಿತು. ಇದು ಮಿಸ್ತ್ರಿ ಕೆಲಸ, ಪೆಟ್ರೋಲ್ ಹತ್ರ ಮನ್ಯಾಗ ಮಾಡಾಕ ಹೋಗಬ್ಯಾಡ್ರಿ. ಇನ್ನ ದಿಬ್ಬ ಏರೋವಾಗ, ಬ್ರೇಕ್ ಹಾಕಿದಾಗ ಒಂದೀಟ ಹತ್ತಿ ಆರಿದ್ರ ಹೆದರಬ್ಯಾಡ್ರಿ, ಒಳಗ ಪೆಟ್ರೋಲ್ ಹೊಯ್ದಾಡತದ ಅಷ್ಟ.

ಪ್ಯಾಟ್ಯಾಗ ಓಡಾಡಿ ಓಡಾಡಿ ದೀಪ ಹತ್ತೋ ತನಕ ಮಗಳು ಕಾದಳು. ಹತ್ತಿದ್ದೇ ಬಂಕಿಗೆ ಹೋಗಿ ಫುಲ್ ಮಾಡಿಸಿದಳು, ಹತ್ತೂವರಿ ಲೀಟರ್ ಹಿಡೀತು. ಟ್ಯಾಂಕ್ ಹದಿಮೂರು ಲೀಟರಿಂದು. ಅಂದ್ರ ದೀಪ ಹತ್ತಿದ ಮ್ಯಾಲೆ ಎರಡೂವರಿ ಉಳೀತದ, ಅಡವಿ ದಾಟಾಕ ಸಾಕು. ಅದನ್ನ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕದ ಬಾಜೂಕ ಬರದ ಇಟ್ಟೇನಿ.